ಮಿಡೀವಲ್ ಡೈನಾಸ್ಟಿ: ಋತುವಿನ ದಿನಗಳನ್ನು ಮೊದಲೇ ಹೆಚ್ಚಿಸಿಕೊಳ್ಳಿ

ಮಧ್ಯಯುಗದ ಹಳ್ಳಿಯೊಂದನ್ನು ಕಟ್ಟಿ ಬೆಳೆಸುವ ವಿಡಿಯೋ ಗೇಮ್ ಮಿಡೀವಲ್ ಡೈನಾಸ್ಟಿಯನ್ನು ಹೊಸದಾಗಿ ಆರಂಭಿಸುತ್ತಿರುವ ವಿಜಯಪುರದ ಗೆಳೆಯರು ಆರಂಭದ ಸೆಟ್ಟಿಂಗಿನಲ್ಲಿಯೇ ಪ್ರತಿ ಋತುವಿನ ಅವಧಿಯನ್ನು 3 ದಿನಗಳಿಂದ 5 ಅಥವಾ 6ಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. ಮೂರೇ ದಿನಗಳಾದರೆ ಮರ ಕಡಿದು, ಮನೆ ಕಟ್ಟಿ, ಹೊಲ ಹದಗೊಳಿಸಿ, ಚಳಿಗಾಲಕ್ಕೆ ಕಟ್ಟಿಗೆ ಕೂಡಿಡುವಷ್ಟರಲ್ಲಿ ಋತುವೇ ಮುಗಿದುಹೋಗುತ್ತದೆ. ದಿನಗಳು ಹೆಚ್ಚಿದಷ್ಟೂ ಒಂಟಿಯಾಗಿ ದುಡಿಯುವ ಆಟಗಾರನಿಗೆ ಬಿಡುವು ದೊರೆಯುತ್ತದೆ. ಆದರೆ ಇಲ್ಲಿ ಬೆಳೆ ಬಲಿಯುವುದು ದಿನದ ಲೆಕ್ಕದಲ್ಲಲ್ಲ, ಋತು ಬದಲಾದಾಗ ಮಾತ್ರ (ನಮ್ಮ ಹಿಂಗಾರಿ ಜೋಳದ ಅನುಭವ ನೆರವಿಗೆ ಬಾರದು). ಊರಿನವರ ಊಟ, ಉರುವಲುಗಳಾದರೋ ದಿನದಿನವೂ ಖರ್ಚಾಗುತ್ತಲೇ ಇರುತ್ತವೆ. ಆದ್ದರಿಂದ ಜನಸಂಖ್ಯೆ ಬೆಳೆದು, ಹೊಲವನ್ನಷ್ಟೇ ನಂಬಿಕೊಂಡು, ಬೇಟೆಗಾರರನ್ನೂ ಕಟ್ಟಿಗೆ ಕಡಿಯುವವರನ್ನೂ ಸಾಕಷ್ಟು ನೇಮಿಸದ ಊರಿನಲ್ಲಿ ಈ ಉಪಾಯ ತಿರುಗುಬಾಣವಾಗುತ್ತದೆ. ಉತ್ತರಾಧಿಕಾರಿ ಬೇಗ ದೊಡ್ಡವನಾಗಲೆಂದು ಕಾಯುವವರು 3 ದಿನಗಳನ್ನೇ ಉಳಿಸಿಕೊಳ್ಳಬಹುದು.