ವಚನಕ್ಕೂ ಮೆಟಲ್‌ಗೂ ಒಂದೇ ಹೆಡ್‌ಫೋನ್: ಮೂರು ಸಾವಿರದೊಳಗೆ ನಾನು ಹುಡುಕಿದ ದಾರಿ

ನಮ್ಮ ಮನೆಯಲ್ಲಿ ಬೆಳಿಗ್ಗೆ ಅಂದರೆ ವಚನ. ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳದೆ ಅಮ್ಮನಿಗೆ ಚಹಾ ರುಚಿಸುವುದಿಲ್ಲ. ನಮ್ಮೂರು ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾದ ಉರುಸ್ ಹತ್ತಿರ ಬಂದರೆ ನಾನು ವಾರಗಟ್ಟಲೆ ಖವ್ವಾಲಿ ಕೇಳುತ್ತೇನೆ. ಇಳಯರಾಜಾ ವರ್ಷವಿಡೀ ಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದಿಷ್ಟು ಮೆಟಲ್, ಅಂದರೆ ಅಬ್ಬರದ ರಾಕ್ ಸಂಗೀತ ಕೂಡ ಬೇಕು. ಇಷ್ಟೆಲ್ಲಕ್ಕೂ ಒಗ್ಗುವ ಒಂದೇ ಹೆಡ್‌ಫೋನ್ ಬೇಕಿತ್ತು, ಅದೂ 3,000 ರೂಪಾಯಿ ಒಳಗೆ.

ಮೊದಲ ಸಲ ತಪ್ಪಿದೆ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 1,500 ರೂಪಾಯಿಯ ಬ್ಲೂಟೂತ್ ಹೆಡ್‌ಫೋನ್ ತರಿಸಿದ್ದೆ. ಡಬ್ಬಿ ತುಂಬ ಬಾಸ್ ಬಾಸ್ ಅಂತಲೇ ಬರೆದಿತ್ತು. ಒಂದು ವಾರ ಖುಷಿಯಾಗಿದ್ದೆ. ಆಮೇಲೆ ಒಂದು ದಿನ ವಚನ ಹಾಕಿದೆ. ಹಾಡುವವರು ಕೌದಿ ಹೊದ್ದುಕೊಂಡು ಹಾಡುತ್ತಿರುವ ಹಾಗೆ ಕೇಳಿಸಿತು! ತಬಲಾದ ಡಗ್ಗಾ ಖಾಲಿ ಡ್ರಮ್ ಬಡಿದಂತೆ ಢಂ ಢಂ ಅನ್ನುತ್ತಿತ್ತು. ಬಲಗೈಯ ಬೋಲುಗಳು ಎಲ್ಲೋ ಹಿಂದೆ ಉಳಿದಿದ್ದವು.

ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ನಿಜವಾದ ಆಳದ ಬಾಸ್ ಇರುವುದು 20ರಿಂದ 60 ಹರ್ಟ್ಜ್ ಸುತ್ತ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ). ಕಡಿಮೆ ಬೆಲೆಯ ಎಷ್ಟೋ ಹೆಡ್‌ಫೋನ್‌ಗಳಲ್ಲಿ ಅದರ ಬದಲು 100ರಿಂದ 250 ಹರ್ಟ್ಜ್ ಭಾಗವನ್ನೇ ಉಬ್ಬಿಸಿರುತ್ತಾರೆ. ಗಂಡಸರ ದನಿಯ ಬುಡ ಇರುವುದೂ ಅಲ್ಲೇ. ಅದು ಉಬ್ಬಿದರೆ ದನಿ ಮಂಕಾಗುತ್ತದೆ, ಮಾತು ಮುಚ್ಚಿಹೋಗುತ್ತದೆ. ಬರೀ ಡ್ಯಾನ್ಸ್ ಹಾಡು ಕೇಳುವವರಿಗೆ ಇದು ತೊಂದರೆ ಅನಿಸದೇ ಇರಬಹುದು. ನಮ್ಮಂಥ ಎಲ್ಲ ಕೇಳುವವರಿಗೆ ಮಾತ್ರ ದನಿ ಸರಿಯಿಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಬೇಡ.

ಇನ್ನೊಂದು ಪಾಠ ಕಲಿಸಿದ್ದು ನಮ್ಮ ಕಲಬುರಗಿಯ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಕಿವಿ ಮುಚ್ಚುವ ರೆಕ್ಸಿನ್ ಪ್ಯಾಡ್ ಹತ್ತು ನಿಮಿಷದಲ್ಲಿ ಬೆವರಿನಿಂದ ಒದ್ದೆಯಾಗುತ್ತಿತ್ತು. ಎರಡನೇ ಬೇಸಿಗೆಗೆ ಅದು ಸುಲಿದು ಕರಿ ಚೂರುಗಳು ಕೆನ್ನೆಗೆ ಅಂಟಿಕೊಳ್ಳತೊಡಗಿದವು. ಬ್ಯಾಟರಿಯೂ ಅಷ್ಟೊತ್ತಿಗೆ ಒಂದು ಗಂಟೆಗೆ ಇಳಿದಿತ್ತು. ಆವತ್ತೇ ಎರಡು ವಿಷಯ ತೀರ್ಮಾನ ಮಾಡಿದೆ. ಒಂದು, ಬಜೆಟ್ ಕಡಿಮೆ ಇದ್ದರೆ ವೈರ್ ಇರುವುದನ್ನೇ ಕೊಳ್ಳಬೇಕು. ಬ್ಲೂಟೂತ್‌ನಲ್ಲಿ ನಮ್ಮ ದುಡ್ಡು ಬ್ಯಾಟರಿ, ಚಿಪ್, ಮೈಕ್‌ಗೂ ಹಂಚಿಹೋಗುತ್ತದೆ. ಎರಡು, ಸವೆಯುವ ಭಾಗ ಬಿಚ್ಚಿ ಬದಲಿಸುವಂತಿರಬೇಕು.

ಹಿಂಬದಿ ತೆರೆದಿರುವ ಓಪನ್-ಬ್ಯಾಕ್ ಹೆಡ್‌ಫೋನ್‌ನಲ್ಲಿ ಗಾಳಿಯಾಡುತ್ತದೆ, ಸೆಕೆ ಕಡಿಮೆ. ಹಾಡೂ ಅಗಲವಾಗಿ ಕೇಳುತ್ತದೆ. ಆದರೆ ಬೇಸಿಗೆಯಲ್ಲಿ ನಮ್ಮ ಮನೆಯ ಕೂಲರ್ ಭರ್‌ರ್ ಅಂತ ಓಡುತ್ತಿರುತ್ತದೆ. ಆ ಸದ್ದು ಪೂರ್ತಿ ಒಳಗೆ ಬರುತ್ತದೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೇವೆ ಅಲ್ವಾ, ಅಲ್ಲೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಹಾಗಾಗಿ ಹೊರಗಿನ ಸದ್ದು ತಡೆಯುವ, ಕಿವಿಯ ಸುತ್ತ ಬೆವರು ತರಿಸದ ಒಂದೇ ಜಾತಿ ಉಳಿಯಿತು: ಕಿವಿಯೊಳಗೆ ಕೂರುವ ಇನ್-ಇಯರ್.

ಕೊಳ್ಳುವ ಮುಂಚೆ ಪರೀಕ್ಷೆಗೆ ನಾಲ್ಕು ಹಾಡು ಆರಿಸಿಕೊಂಡೆ. ಚೆನ್ನಾಗಿ ಗೊತ್ತಿರುವ ಹಾಡೇ ಆಗಬೇಕು. ಮೊದಲನೆಯದು ಹಳೆಯ ಮೋನೊ ರೆಕಾರ್ಡಿಂಗ್. ಮೋನೊದಲ್ಲಿ ಎರಡೂ ಕಿವಿಗೆ ಬರುವುದು ಒಂದೇ ಸದ್ದು, ಆದ್ದರಿಂದ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಎರಡು ಡ್ರೈವರ್ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಸಮ ಇಲ್ಲ ಅಂತ ಅರ್ಥ. ಎರಡನೆಯದು ತಂಬೂರಿ ಚೆನ್ನಾಗಿ ಕೇಳುವ ಒಂದು ಖಯಾಲ್. ತಂಬೂರಿಯ ಕುದುರೆಯ (ತಂತಿ ಹಾದುಹೋಗುವ ಸಣ್ಣ ಹಲಗೆ) ಮೇಲೆ ತಂತಿಯ ಕೆಳಗೆ ಸಣ್ಣ ನೂಲು ಇಟ್ಟಿರುತ್ತಾರೆ, ಅದರಿಂದ ಸ್ವರ ಬಿಚ್ಚಿಕೊಂಡು ಝೇಂಕರಿಸುತ್ತದೆ. ಅದಕ್ಕೆ ಜವಾರಿ ಅನ್ನುತ್ತಾರೆ. (ನಮ್ಮ ಕಡೆ ಜವಾರಿ ಅಂದರೆ ನಾಟಿ ಜೋಳ, ನಾಟಿ ಕೋಳಿ ನೆನಪಾಗುತ್ತವೆ. ಇದು ಬೇರೆ ಜವಾರಿ.) ಒಳ್ಳೆಯ ಹೆಡ್‌ಫೋನ್‌ನಲ್ಲಿ ಆ ಝೇಂಕಾರ ಎಳೆ ಎಳೆಯಾಗಿ ಕೇಳುತ್ತದೆ. ಕೆಟ್ಟದ್ದರಲ್ಲಿ ಸುಮ್ನೆ ಗುಂಯ್ ಅನ್ನುತ್ತದೆ. ಮೂರನೆಯದು ಖವ್ವಾಲಿ. ಇಪ್ಪತ್ತು ಕೈ ಒಟ್ಟಿಗೆ ತಟ್ಟಿದರೆ ಚಪ್ಪಾಳೆ ಚಪ್ಪಾಳೆಯಾಗೇ ಕೇಳಬೇಕು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಆಗಬಾರದು. ನಾಲ್ಕನೆಯದು ಮೆಟಲ್. ಎರಡೂ ಕಾಲಿನಿಂದ ಬಾರಿಸುವ ಡಬಲ್ ಬಾಸ್ ಡ್ರಮ್ಮಿನ ಒಂದೊಂದು ಏಟೂ ಬೇರೆ ಬೇರೆ ಕೇಳಬೇಕು.

ಹಾಡು ಫೋನಿಗೆ ಇಳಿಸಿಕೊಂಡು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದೆ. ಒಂದು ಅಂಗಡಿಯಲ್ಲಿ ಅಣ್ಣ ಕೇಳುವ ಮುಂಚೆಯೇ ಒಂದು ಡಬ್ಬಿ ಮುಂದಿಟ್ಟರು.

"ಇದು ತಗೋರಿ, ಬಾಸ್ ಭಾರಿ ಅದ."

"ಬಾಸ್ ಸಾಕ್ರಿ ಅಣ್ಣಾ. ಹಾಡೋರ ದನಿ ಸ್ವಚ್ಛ ಕೇಳೋದು ಯಾವ್ದರೆ ಅದ ಏನ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗಿನಿಂದ ಎರಡು ತಂದರು. "ಇವು ಜಾಸ್ತಿ ಯಾರೂ ಒಯ್ಯಂಗಿಲ್ರಿ. ಕೇಳಿ ನೋಡ್ರಿ."

ಇನ್-ಇಯರ್ ಕೇಳಿ ನೋಡಲು ಎಷ್ಟೋ ಅಂಗಡಿಯವರು ಬಿಡುವುದಿಲ್ಲ, ಕಿವಿಯೊಳಗೆ ಹೋಗುವ ವಸ್ತು, ಅವರ ಮಾತೂ ಸರಿಯೇ. ಅದಕ್ಕೇ ನಾನು ನನ್ನ ಸ್ವಂತ ಸಿಲಿಕೋನ್ ಟಿಪ್ (ಕಿವಿಯೊಳಗೆ ಕೂರುವ ಮೆತ್ತನೆಯ ತುದಿ) ಒಯ್ದಿದ್ದೆ. ಎರಡರಲ್ಲಿ ಒಂದು ಕೇಳಿದ ಕೂಡಲೇ ಇಷ್ಟವಾಯಿತು. ಆಮೇಲೆ ಗಮನಿಸಿದೆ, ಅದು ಬರೀ ಜೋರಾಗಿತ್ತು. ಜೋರಾಗಿ ಕೇಳಿದ್ದು ಯಾವಾಗಲೂ ಒಳ್ಳೆಯದು ಅನಿಸುತ್ತದೆ. ಫೋನಿನಲ್ಲಿ ಎರಡು ಹಂತ ಇಳಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತಂದು ಮತ್ತೆ ಕೇಳಿದಾಗ ಇನ್ನೊಂದು ಗೆದ್ದಿತು. ಮನ್ಸೂರರ ದನಿಯ ಆ ಸಣ್ಣ ಒರಟುತನ ಅದರಲ್ಲೇ ಇತ್ತು. 1,800 ರೂಪಾಯಿ ಕೊಟ್ಟು ತಂದೆ.

ಡಬ್ಬಿಯ ಮೇಲಿನ ಅಂಕಿ ನೋಡಿ ಯಾರೂ ಮೋಸಹೋಗಬೇಡಿ. 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ಅಂತ ಹೆಚ್ಚುಕಡಿಮೆ ಎಲ್ಲದರ ಮೇಲೂ ಇರುತ್ತದೆ. ಯಾವುದು ಎಷ್ಟು ಏರಿದೆ, ಎಷ್ಟು ಇಳಿದಿದೆ ಅಂತ ಅದರಿಂದ ತಿಳಿಯುವುದಿಲ್ಲ. ಡ್ರೈವರ್ ದೊಡ್ಡದಿದ್ದ ಮಾತ್ರಕ್ಕೆ ಸದ್ದು ಚೆನ್ನಾಗಿರುತ್ತದೆ ಅಂತಲೂ ಇಲ್ಲ. ನೋಡಲೇಬೇಕಾದ ಅಂಕಿ ಓಮ್, ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆ. ಮದುವೆಗಳಿಗೆ ಸೌಂಡ್ ಸಿಸ್ಟಂ ಹಾಕುವ ನನ್ನ ಮಾವನ ಮಗನ ಹತ್ತಿರ 250 ಓಮಿನ ಸ್ಟುಡಿಯೊ ಹೆಡ್‌ಫೋನ್ ಇದೆ. ಫೋನಿಗೆ ಹಾಕಿ ವಾಲ್ಯೂಮ್ ತುದಿಗೆ ಒಯ್ದರೂ ಹಾಡು ಪಿಸುಗುಟ್ಟುತ್ತಿತ್ತು. ಫೋನಿನಲ್ಲಿ ಕೇಳುವವರಿಗೆ 16ರಿಂದ 32 ಓಮ್ ಇದ್ದರೆ ಆರಾಮ.

ನನ್ನ ಫೋನಿಗೆ 3.5 ಮಿಲಿಮೀಟರ್ ಜ್ಯಾಕ್ ಇಲ್ಲ. ಚಾರ್ಜರ್ ಜಾಗಕ್ಕೆ ಸಿಕ್ಕಿಸಿ ಹೆಡ್‌ಫೋನ್ ಜೋಡಿಸುವ ಟೈಪ್-ಸಿ ಡಾಂಗಲ್ ಬೇಕಾಯಿತು. 100 ರೂಪಾಯಿಗೆ ತಂದದ್ದು ನನ್ನ ಫೋನಿನಲ್ಲಿ ಸದ್ದೇ ಮಾಡಲಿಲ್ಲ. ಕೆಲವು ಡಾಂಗಲ್‌ಗಳಲ್ಲಿ ಬರೀ ತಂತಿ ಇರುತ್ತದೆ, ಡಿಜಿಟಲ್ ಸಿಗ್ನಲ್ಲನ್ನು ಸದ್ದಾಗಿ ಬದಲಿಸುವ ಡ್ಯಾಕ್ ಚಿಪ್ ಇರುವುದಿಲ್ಲ. ಚಿಪ್ ಇರುವುದು 700 ರೂಪಾಯಿಗೆ ಸಿಕ್ಕಿತು. ಕೊಳ್ಳುವಾಗ ಡ್ಯಾಕ್ ಇದೆಯಾ ಅಂತ ಕೇಳಿ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ನೋಡಿ.

ಮನೆಗೆ ತಂದ ದಿನ ಬಾಸ್ ಇಲ್ಲವೇ ಇಲ್ಲ ಅನಿಸಿ ಎದೆ ಧಸಕ್ಕೆಂದಿತು. ತಪ್ಪು ಟಿಪ್‌ನದ್ದು. ಟಿಪ್ ಕಿವಿಗೆ ಗಾಳಿಯಾಡದಂತೆ ಕೂತರೆ ಮಾತ್ರ ಬಾಸ್ ಬರುತ್ತದೆ. ನನ್ನ ಬಲಗಿವಿಗೆ ಮಧ್ಯಮ ಸೈಜು, ಎಡಗಿವಿಗೆ ದೊಡ್ಡದು ಬೇಕು ಅಂತ ಆವತ್ತೇ ಗೊತ್ತಾದದ್ದು. ಎರಡೂ ಕಡೆ ಒಂದೇ ಅಳತೆ ಹಾಕಲೇಬೇಕು ಅಂತೇನಿಲ್ಲ.

ಉಳಿದ ಸಣ್ಣಪುಟ್ಟದ್ದನ್ನು, ಬೇರೆ ಬೇರೆ ಹರ್ಟ್ಜ್ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ತಿದ್ದಿಕೊಂಡೆ. ಸ, ಶ ಅಕ್ಷರ ಕಿವಿಗೆ ಚುಚ್ಚುತ್ತಿದ್ದವು. 7 ಕಿಲೋಹರ್ಟ್ಜ್ ಸುತ್ತ 2 ಡೆಸಿಬಲ್ ಇಳಿಸಿದೆ, ಸರಿಹೋಯಿತು. ಮೆಟಲ್‌ಗೆ ಮಾತ್ರ 50 ಹರ್ಟ್ಜ್ ಹತ್ತಿರ 4 ಡೆಸಿಬಲ್ ಏರಿಸಿ ಬೇರೆ ಸೆಟ್ಟಿಂಗ್ ಉಳಿಸಿಕೊಂಡಿದ್ದೇನೆ. ಹೀಗೆ ಏರಿಸಿದಾಗ ಪ್ರೀಆಂಪ್ (ಒಟ್ಟು ಸದ್ದಿನ ಮಟ್ಟ) ಅಷ್ಟೇ 4 ಡೆಸಿಬಲ್ ಇಳಿಸಬೇಕು, ಇಲ್ಲದಿದ್ದರೆ ಜೋರು ಜಾಗದಲ್ಲಿ ಸದ್ದು ಒಡೆಯುತ್ತದೆ. ಎಲ್ಲ ಸಂಗೀತಕ್ಕೂ ಒಂದೇ ಹೆಡ್‌ಫೋನ್ ಸಾಕಾಗುವುದು ಇದರಿಂದಲೇ. ಸ್ವಚ್ಛ ದನಿಗೆ ಬಾಸ್ ಸೇರಿಸಿಕೊಳ್ಳಬಹುದು. ಮುಚ್ಚಿಹೋದ ದನಿಯನ್ನು ಹೊರಗೆ ತೆಗೆಯುವುದು ಮಾತ್ರ ಬಹಳ ಕಷ್ಟ.

ಓಪನ್-ಬ್ಯಾಕ್‌ನ ಆ ಅಗಲ ಇದರಲ್ಲಿ ಇಲ್ಲ, ನಿಜ. ತಂತಿ ಅಂಗಿಗೆ ಉಜ್ಜಿದರೆ ಪರಪರ ಅನ್ನುತ್ತದೆ, ಕಿವಿಯ ಮೇಲಿನಿಂದ ಸುತ್ತಿ ಹಾಕಿದರೆ ಕಡಿಮೆಯಾಗುತ್ತದೆ. ತಂತಿ ಎರಡು ಪಿನ್ನಿನದು, ಬಿಚ್ಚಲು ಬರುತ್ತದೆ. ಹೋದ ವರ್ಷ ಕಿತ್ತುಹೋದಾಗ 350 ರೂಪಾಯಿಗೆ ಬೇರೆ ಹಾಕಿಕೊಂಡೆ.

ಒಂದು ರಾತ್ರಿ ಅಮ್ಮನ ಕಿವಿಗೆ ಹಾಕಿ ಅವರ ಪ್ರೀತಿಯ ವಚನ ಕೇಳಿಸಿದೆ. ಕಣ್ಣು ಮುಚ್ಚಿ ಕೂತಿದ್ದವರು, "ಹಿಂದ ತಂಬೂರಿ ಎರಡು ಅವ ಏನೋ?" ಅಂದರು. ಮೂವತ್ತು ವರ್ಷದಿಂದ ಕೇಳುತ್ತಿರುವ ಹಾಡು ಅದು. ಈಗ ರಾತ್ರಿ ಒಂಬತ್ತಕ್ಕೆ ಅವರ ಪಾಳಿ, ಹತ್ತೂವರೆ ಮೇಲೆ ನನ್ನದು. ಅವರಿಗೆ ಎರಡೂ ಕಡೆ ಸಣ್ಣ ಟಿಪ್ ಬೇಕು. ಅದಕ್ಕೆ ಬೇರೆ ಜೋಡಿ ತಂದು ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದೇನೆ.