‘ನಿಮ್ಮವರಲ್ಲಿ ಹೇಗೆ?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಸಂಸ್ಕೃತಿ ಮತ್ತು ವೈವಿಧ್ಯದ ಪಾಠವನ್ನು ಹಲವು ವರ್ಷ ಒಂದೇ ರೀತಿಯಲ್ಲಿ ಮಾಡುತ್ತಿದ್ದೆ. ಬೇರೆ ಬೇರೆ ಭಾಷೆ ಮತ್ತು ಸಮುದಾಯಗಳಿಂದ ಬಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, “ನಿಮ್ಮವರಲ್ಲಿ ಇದು ಹೇಗೆ?” ಎಂದು ಕೇಳಿ, ಅವರು ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಅದು ಅವರಿಗೆ ಸಲ್ಲಿಸುವ ಗೌರವವೆಂದೇ ನಂಬಿದ್ದೆ. ಒಂದು ದಿನ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, “ಟೀಚರ್, ನೀವು ನನ್ನನ್ನು ನಮ್ಮವರ ಬಗ್ಗೆ ಮಾತ್ರ ಕೇಳುತ್ತೀರಿ, ಪಾಠದ ಪ್ರಶ್ನೆ ಕೇಳುವುದೇ ಇಲ್ಲ” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ಆ ಮಾತು ನನ್ನನ್ನು ಇನ್ನಷ್ಟು ಕಾಡಿತು.

ಅವಳ ಮಾತು ಎಷ್ಟು ನಿಜವೆಂದು ತಿಳಿಯಲು ಎರಡು ವಾರ ಲೆಕ್ಕವಿಟ್ಟೆ. ಯಾರನ್ನು ಎಷ್ಟು ಸಲ ಕೇಳಿದೆ, ಎಂಥ ಪ್ರಶ್ನೆ ಕೇಳಿದೆ, ಉತ್ತರಕ್ಕಾಗಿ ಎಷ್ಟು ಹೊತ್ತು ಕಾದೆ ಎಂಬುದನ್ನು ಪ್ರತಿ ಅವಧಿಯ ಕೊನೆಯಲ್ಲಿ ಬರೆದುಕೊಂಡೆ. ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳು ಪಠ್ಯದ ಭಾಷೆಯನ್ನು ಸರಾಗವಾಗಿ ಆಡುವ ಏಳೆಂಟು ಮಕ್ಕಳಿಗೇ ಹೋಗುತ್ತಿದ್ದವು. ಮನೆಮಾತು ಬೇರೆಯಾಗಿದ್ದವರಿಗೆ ಹೌದು ಅಥವಾ ಅಲ್ಲ ಎಂದರೆ ಮುಗಿಯುವ ಪ್ರಶ್ನೆಗಳಷ್ಟೇ ಉಳಿಯುತ್ತಿದ್ದವು. ನನ್ನ ಮನಸ್ಸಿನಲ್ಲಿ ಭೇದವಿರಲಿಲ್ಲ ಎಂದು ಈಗಲೂ ಪ್ರಾಮಾಣಿಕವಾಗಿ ಹೇಳಬಲ್ಲೆ, ಆದರೆ ಭೇದವು ನನ್ನ ರೂಢಿಯಲ್ಲಿತ್ತು, ಮತ್ತು ಆ ಮಗುವಿನ ಅನುಭವಕ್ಕೆ ಬಂದದ್ದು ನನ್ನ ಮನಸ್ಸಲ್ಲ, ನನ್ನ ರೂಢಿ.

ಮೊದಲು ಉತ್ತರಪತ್ರಿಕೆಗಳಲ್ಲಿ ಹೆಸರಿನ ಬದಲು ಸಂಖ್ಯೆ ಬರೆಸಿದೆ. ಪ್ರಶ್ನೆ ಕೇಳಲು ಚೀಟಿ ಎತ್ತತೊಡಗಿದೆ. ಇವೆರಡೂ ಸುಲಭವಾಗಿ ಆದವು.

ಹೆಚ್ಚು ಶ್ರಮ ಬೇಡಿದ್ದು ಗುಂಪಿನ ಕೆಲಸ. ಭಿನ್ನ ಹಿನ್ನೆಲೆಯವರನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲವೆಂದೂ, ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಸಂಸ್ಥೆಯ ಬೆಂಬಲ ಇದ್ದಾಗ ಅದು ಕಡಿಮೆಯಾಗುವ ಸಾಧ್ಯತೆ ಹೆಚ್ಚೆಂದೂ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ವಾದಿಸಿದ್ದರು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ವರ್ಣಭೇದದ ಪ್ರತ್ಯೇಕತೆ ಆಗಷ್ಟೇ ಕೊನೆಗೊಂಡಿದ್ದ ಶಾಲೆಗಳಲ್ಲಿ, ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಇದಕ್ಕೆ ಹೊಂದುವ ‘ಜಿಗ್ಸಾ’ ವಿಧಾನವನ್ನು ರೂಪಿಸಿದರು. ಪಾಠವನ್ನು ಐದಾರು ಭಾಗ ಮಾಡಿ ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ಭಾಗ ಕೊಡಲಾಗುತ್ತದೆ. ಒಂದೇ ಭಾಗ ಪಡೆದವರು ಮೊದಲು ಬೇರೆಯಾಗಿ ಸೇರಿ ಅದನ್ನು ಚರ್ಚಿಸಿ, ನಂತರ ತಮ್ಮ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸುತ್ತಾರೆ.

ನಾನು ಆರಿಸಿಕೊಂಡ ಪಾಠ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ, 30 ವಿಧಿಗಳ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ಮೊದಲ ದಿನ ಪ್ರಯೋಗ ಕೆಟ್ಟಿತು. ನಿಧಾನವಾಗಿ ಮಾತನಾಡುವವರ ಸರದಿ ಬಂದಾಗ ಚುರುಕಾದವರು ಅವರ ಹಾಳೆಯನ್ನೇ ತೆಗೆದುಕೊಂಡು ತಾವೇ ಓದಿಬಿಟ್ಟರು. ಮರುದಿನ ಹಾಳೆಗಳನ್ನು ಮಡಿಸಿಡಿಸಿ, ಕೇಳುವವರು ಪ್ರಶ್ನೆಯನ್ನಷ್ಟೇ ಹಾಕಬಹುದೆಂಬ ನಿಯಮ ಮಾಡಿದೆ. ಆ ವಿದ್ಯಾರ್ಥಿನಿಯ ಪಾಲಿಗೆ ಹಂಸಾ ಮೆಹ್ತಾ ಅವರ ಭಾಗ ಬಂದಿತ್ತು: ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಅವರು, ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂಬ ಅರ್ಥ ಕೊಡುತ್ತಿದ್ದ ಇಂಗ್ಲಿಷ್ ಪದದ ಜಾಗದಲ್ಲಿ ‘ಎಲ್ಲ ಮಾನವರೂ’ ಎಂದಾಗಲು ಕಾರಣರಾದರು. ಒಂದು ಪದಕ್ಕೆ ಅಷ್ಟೊಂದು ಹಟವೇಕೆ ಎಂದು ಗುಂಪಿನ ಹುಡುಗನೊಬ್ಬ ಕೇಳಿದ. ಅವಳು ತಡವರಿಸುತ್ತಲೇ, ಆ ಪದ ಹಾಗೇ ಉಳಿದಿದ್ದರೆ ಈ ಗುಂಪಿನಲ್ಲಿ ಯಾರು ಯಾರು ಹೊರಗುಳಿಯುತ್ತಿದ್ದೆವು ಎಂದು ಬೆರಳಿಟ್ಟು ಎಣಿಸಿ ತೋರಿಸಿದಳು.

ಇನ್ನೊಂದು ಕಠಿಣ ಪ್ರಶ್ನೆ ಎದ್ದದ್ದು, ದೃಷ್ಟಿ ಮಂದವಿರುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟಾಗ. ಇದು ಅನ್ಯಾಯವೆಂದು ಕೆಲವರು ಹೇಳಿದರು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯು ಇಂಥ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದನ್ನೇ ತಾರತಮ್ಯವೆಂದು ಪರಿಗಣಿಸುತ್ತದೆ ಎಂದು ವಿವರಿಸಿ, ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸದ ತಿಳಿವಳಿಕೆಯನ್ನೋ ಓದುವ ವೇಗವನ್ನೋ ಎಂದು ಕೇಳಿದೆ. ಹೆಚ್ಚಿನವರು ಒಪ್ಪಿದರು. ಒಬ್ಬ ಮಾತ್ರ, “ನನ್ನ ಬರವಣಿಗೆಯೂ ನಿಧಾನ, ನನಗೇಕೆ ಸಮಯವಿಲ್ಲ?” ಎಂದ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಹಿಂದಿನ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದರೆ, ತರಗತಿಯ ಅರ್ಧದಷ್ಟು ಮಕ್ಕಳು ಕೊನೆಯ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ಮುಂದಿನ ಪರೀಕ್ಷೆಯಿಂದ ಎಲ್ಲರಿಗೂ ಎರಡು ಪ್ರಶ್ನೆಗಳನ್ನು ಕಡಿಮೆ ಮಾಡಿದೆ. ಹೆಚ್ಚುವರಿ ಸಮಯದ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡೆ.