ದೀಪ ಹತ್ತಿಸದೆ ಡಿಸ್ಕ್ ಎಳೆಸಲ್ಲ

ನನ್ನ ಮನೆ ಮಡಿಕೇರಿಯಲ್ಲಿ. ನಾನು ನೋಡಿಕೊಳ್ಳುವ ಆರು ಸರ್ವರ್ ಇರೋದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಆರೂ ಒಂದೇ ಮಾಡೆಲ್, ಅಕ್ಕಪಕ್ಕ ನಿಂತರೆ ಅವಳಿ ಮಕ್ಕಳ ಥರ. ಹೆಸರು ಬರೆದು ಅಂಟಿಸಿದ್ದ ಚೀಟಿಗಳು ಒಂದೇ ಮಳೆಗಾಲಕ್ಕೆ ಉದುರಿದವು.

ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಡಿಸ್ಕ್ ಕೈಕೊಟ್ಟಿತು. ಸ್ಕ್ರೀನಿನಲ್ಲಿ ಸ್ಲಾಟ್ (ಡಿಸ್ಕ್ ಕೂರುವ ಜಾಗ) 2 ಅಂತಿತ್ತು. ಅಲ್ಲಿನ ಹುಡುಗನಿಗೆ ಫೋನಿನಲ್ಲಿ "ಎಡದಿಂದ ಎರಡನೇದು ಎಳಿ" ಅಂದೆ. ಎಳೆದ. ಆದರೆ ಸ್ಲಾಟ್‌ಗಳ ಎಣಿಕೆ ಶುರುವಾಗೋದು 0ಯಿಂದ! ಬಂದಿದ್ದು ಚೆನ್ನಾಗಿದ್ದ ಡಿಸ್ಕ್. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತೆ, ಎರಡು ಹೋದರೆ ಇಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದಿದ್ದಕ್ಕೆ ಬಚಾವಾದೆ. ತಪ್ಪು ಪೂರ್ತಿ ನನ್ನದೇ.

ಈಗ ಮೊದಲು ಸರ್ವರನ್ನು ಗುರುತಿಸುತ್ತೇನೆ. ಮನೆಯಿಂದಲೇ 'ಐಪಿಎಂಐಟೂಲ್ ಚಾಸಿಸ್ ಐಡೆಂಟಿಫೈ 240' ಅನ್ನೋ ಕಮಾಂಡ್ ಕೊಟ್ಟರೆ ಅದರ ನೀಲಿ ದೀಪ 240 ಸೆಕೆಂಡ್ ಹತ್ತಿರುತ್ತೆ. ಸಂಖ್ಯೆ ಕೊಡದಿದ್ದರೆ ಬರೀ 15 ಸೆಕೆಂಡ್. ಅಷ್ಟರಲ್ಲಿ ಹುಡುಗ ಬಾಗಿಲ ಬೀಗವನ್ನೂ ತೆಗೆದಿರಲ್ಲ. 255ಕ್ಕಿಂತ ಜಾಸ್ತಿ ಕೊಡೋಕಾಗಲ್ಲ. 'ಫೋರ್ಸ್' ಅಂದರೆ ನಾವು 0 ಕೊಡೋವರೆಗೂ ಆರಲ್ಲ. ಈ ಕೆಲಸ ಮಾಡೋದು ಸರ್ವರ್ ಒಳಗಿನ ಬಿಎಂಸಿ ಅನ್ನುವ ಪುಟ್ಟ ಪ್ರತ್ಯೇಕ ಚಿಪ್. ಹಾಗಾಗಿ ಸರ್ವರ್ ಆಫ್ ಆಗಿದ್ದರೂ ಪರವಾಗಿಲ್ಲ, ವೈರಿನಲ್ಲಿ ಕರೆಂಟ್ ಇದ್ದರೆ ಸಾಕು. ಬಿಎಂಸಿಯನ್ನು ಮಾತ್ರ ನೇರ ಇಂಟರ್‌ನೆಟ್ಟಿಗೆ ಬಿಡಬೇಡಿ, ವಿಪಿಎನ್ (ನಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ಜಾಲ) ಒಳಗೇ ಇರಲಿ.

ಆಮೇಲೆ ಡಿಸ್ಕ್. ಅದರ ದೀಪ ಹತ್ತಿಸೋಕೆ 'ಲೆಡ್‌ಸಿಟಿಎಲ್ ಲೊಕೇಟ್=/ಡೆವ್/ಎಸ್‌ಡಿಸಿ', ಇಲ್ಲಿ /ಡೆವ್/ಎಸ್‌ಡಿಸಿ ಸಿಸ್ಟಮ್‌ನಲ್ಲಿ ಆ ಡಿಸ್ಕಿನ ಹೆಸರು. ಆರಿಸೋಕೆ 'ಲೊಕೇಟ್_ಆಫ್'. ಡಿಸ್ಕ್‌ಗಳನ್ನು ನಡೆಸುವ ಎಲ್ಲ ಕಂಟ್ರೋಲರ್‌ಗಳೂ ಇದಕ್ಕೆ ಬಗ್ಗಲ್ಲ. ಬಗ್ಗದಿದ್ದಾಗ 'ಡಿಡಿ' ಅನ್ನೋ ನಕಲು ಕಮಾಂಡಿನಿಂದ ಆ ಡಿಸ್ಕನ್ನು ಸುಮ್ನೆ ಓದಿಸುತ್ತೇನೆ, ಅದರ ದೀಪ ಒಂದೇ ಸಮನೆ ಮಿನುಗುತ್ತೆ. ಓದಿಸೋದು ಅಂದರೆ 'ಇಫ್' (ಓದುವ) ಕಡೆ ಡಿಸ್ಕ್, 'ಆಫ್' (ಬರೆಯುವ) ಕಡೆ /ಡೆವ್/ನಲ್, ಅಂದರೆ ಏನು ಹಾಕಿದರೂ ಮಾಯವಾಗುವ ಜಾಗ. 'ಆಫ್' ಕಡೆ ತಪ್ಪಿ ಬೇರೊಂದು ಡಿಸ್ಕಿನ ಹೆಸರು ಬಿದ್ದರೆ ಆ ಡಿಸ್ಕೇ ಅಳಿಸಿಹೋದೀತು, ಎಂಟರ್ ಒತ್ತುವ ಮುಂಚೆ ಎರಡು ಸಲ ನೋಡಿ.

ಕಳೆದ ತಿಂಗಳು ಬೇರೆ ಪಜೀತಿ. ಡಿಸ್ಕ್ ಪೂರ್ತಿ ಸತ್ತು ಅದರ ಹೆಸರೇ ಸಿಸ್ಟಮ್‌ನಲ್ಲಿ ಇರಲಿಲ್ಲ. ಇಲ್ಲದ ಡಿಸ್ಕಿನ ದೀಪ ಹತ್ತಿಸೋದು ಹೇಗೆ? ಉಳಿದ ಎಲ್ಲವನ್ನೂ ಹತ್ತಿಸಿದೆ.

"ಅಣ್ಣಾ, ಒಂದು ಮಾತ್ರ ಹತ್ತಿಲ್ಲ."

"ಅದನ್ನೇ ಎಳಿ. ಹೊಸದು ಹಾಕೋ ಮುಂಚೆ ಸೀರಿಯಲ್ ನಂಬರ್ ಓದು."

ಕೊನೆಯ ನಾಲ್ಕು ಅಕ್ಷರ ಓದಿದ. ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಕ್ಕೆ ತಾಳೆಯಾಯಿತು.